ಈಮ್ಯಾಕ್ಸ್‌ನಲ್ಲಿ ಪುಸ್ತಕ ಕಂಪೈಲ್ ಆಗುತ್ತಿರುವಾಗಲೇ ಟೈಪಿಂಗ್ ಮುಂದುವರಿಸುವುದು ಹೇಗೆ?

ನೀವು ಕೇಳಿದ್ದು ಇದು: ಮೈಸೂರಿನಲ್ಲಿ ಕೂತು ಶ್ರೀರಂಗಪಟ್ಟಣ ಸೀಮೆಯ ಶಾಸನಗಳ ಪುಸ್ತಕವನ್ನು ಈಮ್ಯಾಕ್ಸ್ ಎಂಬ ಪಠ್ಯ ಬರೆಯುವ ಪ್ರೋಗ್ರಾಮ್‌ನಲ್ಲಿ ಸಿದ್ಧಪಡಿಸುತ್ತಿದ್ದೀರಿ, 400 ಪುಟ ದಾಟಿದೆ. ಆಲ್ಟ್ ಹಿಡಿದು ಆಶ್ಚರ್ಯಸೂಚಕ ಚಿಹ್ನೆ ಒತ್ತಿ, ಬರೆದದ್ದನ್ನು ಪುಟ ಜೋಡಿಸಿ ಪಿಡಿಎಫ್ ಮಾಡುವ (ಅಂದರೆ ಕಂಪೈಲ್ ಮಾಡುವ) ಝೀಲೇಟೆಕ್ ಓಡಿಸಿದರೆ, ಅದು ಮುಗಿಯುವ ತನಕ ಒಂದಕ್ಷರವನ್ನೂ ಟೈಪ್ ಮಾಡಲು ಆಗುವುದಿಲ್ಲ.

ನಿಮ್ಮ ಮೆಷಿನ್ ಸರಿಯಾಗಿಯೇ ಇದೆ. ನೀವು ಒತ್ತುತ್ತಿರುವುದು ಷೆಲ್-ಕಮಾಂಡ್. ಕೆಲಸ ಮುಗಿಯುವವರೆಗೆ ಕಾಯುವುದೇ ಅದರ ಸ್ವಭಾವ. ಮಧ್ಯೆ ಸಿಕ್ಕಿಕೊಂಡರೆ ಕಂಟ್ರೋಲ್-ಜಿ ಒತ್ತಿ ಬಿಡಿಸಿಕೊಳ್ಳಬಹುದು, ಅಷ್ಟೆ. ಆಶ್ಚರ್ಯಸೂಚಕದ ಬದಲು ಆಲ್ಟ್ ಜೊತೆ ಆಂಪರ್‌ಸ್ಯಾಂಡ್ ಒತ್ತಿದರೆ ಅದೇ ಕಮಾಂಡ್ ಹಿನ್ನೆಲೆಯಲ್ಲಿ ಓಡುತ್ತದೆ. ಆದರೆ ಪುಸ್ತಕದ ಕೆಲಸಕ್ಕೆ ನಾನು ಅದನ್ನೂ ಹೇಳುವುದಿಲ್ಲ. ಆಲ್ಟ್-ಎಕ್ಸ್ ಒತ್ತಿ ಕಂಪೈಲ್ ಎಂದು ಕೊಡಿ. ಅದೂ ಹಿನ್ನೆಲೆಯಲ್ಲೇ ಓಡುತ್ತದೆ, ಕರ್ಸರ್ ನಿಮ್ಮ ಅಧ್ಯಾಯದಲ್ಲೇ ಉಳಿಯುತ್ತದೆ, ಜೊತೆಗೆ ತಪ್ಪಿರುವ ಸಾಲಿಗೆ ನೇರ ಕರೆದುಕೊಂಡು ಹೋಗುತ್ತದೆ. ಮೊದಲ ಸಲ ಕಮಾಂಡ್ ಕೇಳುವಾಗ ಮೇಕ್ ಎಂದು ತಾನೇ ತುಂಬಿಕೊಂಡಿರುತ್ತದೆ. ಅಳಿಸಿ ನಿಮ್ಮದನ್ನು ಬರೆಯಿರಿ. ಮುಂದಿನ ಸಲದಿಂದ ರೀಕಂಪೈಲ್ ಸಾಕು, ಅದನ್ನು ಎಫ್5 ಕೀಲಿಗೆ ಕಟ್ಟಿಕೊಳ್ಳಿ.

(ಕಮಾಂಡ್‌ಗಳನ್ನೆಲ್ಲ ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರದಲ್ಲೇ. ಕೀಬೋರ್ಡನ್ನು ಆಪರೇಟಿಂಗ್ ಸಿಸ್ಟಮ್ ಮಟ್ಟದಲ್ಲಿ ಕನ್ನಡಕ್ಕೆ ಬದಲಿಸಿದ್ದರೆ ಆಲ್ಟ್-ಎಕ್ಸ್ ಎಂಬುದೇ ಈಮ್ಯಾಕ್ಸ್‌ಗೆ ತಲುಪುವುದಿಲ್ಲ, ಎಕ್ಸ್ ಜಾಗದಲ್ಲಿ ಕನ್ನಡ ಅಕ್ಷರ ಹೋಗುತ್ತದೆ. ಕಂಟ್ರೋಲ್-ಬ್ಯಾಕ್‌ಸ್ಲ್ಯಾಷ್ ಒತ್ತಿ ಈಮ್ಯಾಕ್ಸ್‌ನದೇ ಕನ್ನಡ-ಇನ್‌ಸ್ಕ್ರಿಪ್ಟ್ ಬಳಸಿದರೆ ಈ ತೊಂದರೆ ಇಲ್ಲ.)

ಇನ್ನು ಕಮಾಂಡ್ ಏನಿರಬೇಕು ಎಂಬುದು. ಹೆಚ್ಚಿನವರು ಎಡವುವುದು ಇಲ್ಲೇ. ಬರೀ ಝೀಲೇಟೆಕ್ ಕೊಟ್ಟರೆ ಮೊದಲ ತಪ್ಪು ಸಿಕ್ಕ ಕೂಡಲೇ ಅದು ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ನಿಮ್ಮ ಉತ್ತರಕ್ಕೆ ಕಾಯುತ್ತದೆ. ಕಂಪೈಲ್ ಕಿಟಕಿಯಲ್ಲಿ ಉತ್ತರ ಕೊಡಲು ಬರುವುದಿಲ್ಲ. ಕೆಳಗಿನ ಪಟ್ಟಿಯಲ್ಲಿ 'ರನ್' ಎಂದೇ ಇರುತ್ತದೆ, ಹತ್ತು ನಿಮಿಷ ಬಿಟ್ಟು ನೋಡಿದರೂ ಅದೇ 'ರನ್'. ದೊಡ್ಡ ಪುಸ್ತಕ, ತಡವಾಗುತ್ತಿದೆ ಎಂದುಕೊಂಡು ಕಾಯುತ್ತಾ ಕೂರುತ್ತೀರಿ. ಆ ಕಿಟಕಿಯ ಕೊನೆಯ ಸಾಲಿನಲ್ಲಿ ಒಂಟಿ ಪ್ರಶ್ನಾರ್ಥಕ ಕಂಡರೆ ಕಂಟ್ರೋಲ್-ಸಿ ಕಂಟ್ರೋಲ್-ಕೆ ಒತ್ತಿ ನಿಲ್ಲಿಸಿ. ಹಿನ್ನೆಲೆಗೆ ಹಾಕುವ ಯಾವ ಕೆಲಸವೂ ನಿಮ್ಮನ್ನು ಪ್ರಶ್ನೆ ಕೇಳುವಂತಿರಬಾರದು. ಪಾಸ್‌ವರ್ಡ್ ಕೇಳುವ ಸೂಡೋ ಕಮಾಂಡ್‌ಗೂ ಇದೇ ಮಾತು.

ಆದ್ದರಿಂದ ಝೀಲೇಟೆಕ್ಕನ್ನು ತಾನೇ ಓಡಿಸುವ ಲೇಟೆಕ್‌ಎಂಕೆ ಬಳಸಿ, ಝೀಲೇಟೆಕ್ ಆಯ್ಕೆ ಕೊಡಿ, ತಪ್ಪು ಬಂದರೂ ಪ್ರಶ್ನೆ ಕೇಳದೆ ಮುಂದೆ ಹೋಗುವಂತೆ ಇಂಟರ್‌ಆಕ್ಷನ್‌ಗೆ ನಾನ್‌ಸ್ಟಾಪ್‌ಮೋಡ್ ಹಾಕಿ, ಜೊತೆಗೆ ಫೈಲ್-ಲೈನ್-ಎರರ್ ಸೇರಿಸಿ. ಕೊನೆಯದನ್ನು ಬಿಡಬೇಡಿ. ಅದಿದ್ದರೆ ತಪ್ಪು ಬಂದಾಗ ಫೈಲ್ ಹೆಸರು, ಕೋಲನ್, 214, ಕೋಲನ್, ಆಮೇಲೆ ತಪ್ಪಿನ ವಿವರ ಎಂಬ ರೂಪದಲ್ಲಿ ಸಾಲು ಬರುತ್ತದೆ. ಈಮ್ಯಾಕ್ಸ್ ಅದನ್ನು ಗುರುತಿಸಿ ಬಣ್ಣ ಹಚ್ಚುತ್ತದೆ, ಆಲ್ಟ್-ಜಿ ಒತ್ತಿ ಎನ್ ಒತ್ತಿದರೆ ಕರ್ಸರ್ 214ನೇ ಸಾಲಿನಲ್ಲಿರುತ್ತದೆ. ಇಷ್ಟಾದರೂ ಹಾರದಿದ್ದರೆ ಫೋಲ್ಡರ್ ದಾರಿ ಉದ್ದವಾಗಿದೆಯಾ ನೋಡಿ: ಟೆಕ್ (ಝೀಲೇಟೆಕ್‌ನ ಮೂಲ ಪ್ರೋಗ್ರಾಮ್) 79 ಅಕ್ಷರಕ್ಕೆ ಸಾಲು ಮುರಿಯುತ್ತದೆ, ಮುರಿದ ಸಾಲು ಈಮ್ಯಾಕ್ಸ್‌ಗೆ ಅರ್ಥವಾಗುವುದಿಲ್ಲ. ಕಮಾಂಡ್‌ನ ಮುಂದೆ ಮ್ಯಾಕ್ಸ್‌_ಪ್ರಿಂಟ್‌_ಲೈನ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ 1000 ಕೊಟ್ಟರೆ ಸರಿಹೋಗುತ್ತದೆ.

ಲೇಟೆಕ್‌ಎಂಕೆಯಿಂದ ಇನ್ನೂ ಎರಡು ಅನುಕೂಲ. ಪರಿವಿಡಿ, ಪುಟಸಂಖ್ಯೆ ಕೂಡಿಬರಲು ಎಷ್ಟು ಸುತ್ತು ಬೇಕೋ ಅಷ್ಟು ತಾನೇ ಓಡಿಸುತ್ತದೆ. ಪಿಡಿಎಫ್ ಬರೆಯುವುದನ್ನು ಕೊನೆಗೆ ಇಟ್ಟುಕೊಳ್ಳುತ್ತದೆ, ಹಾಗಾಗಿ ಪಕ್ಕದಲ್ಲಿ ತೆರೆದಿಟ್ಟ ಹಳೆಯ ಪಿಡಿಎಫ್ ಅಲ್ಲಿಯ ತನಕ ಕೆಡುವುದಿಲ್ಲ. ಇದರಲ್ಲಿ ಸೈಲೆಂಟ್ ಎಂಬ ಆಯ್ಕೆ ಇದೆ, ಹಾಕಬೇಡಿ: ಅದು ಬ್ಯಾಚ್‌ಮೋಡ್‌ಗೆ ಬದಲಿಸಿ, ನಮಗೆ ಬೇಕಾದ ಎರರ್ ಸಾಲುಗಳನ್ನೂ ನುಂಗಿಬಿಡುತ್ತದೆ. ಸೇವ್ ಮಾಡಿದಾಗಲೆಲ್ಲ ತಾನೇ ಓಡುವ ಪಿವಿಸಿ ಆಯ್ಕೆ ಚಿಕ್ಕ ಲೇಖನಕ್ಕೆ ಚೆನ್ನ, 400 ಪುಟಕ್ಕೆ ಬೇಡ. ತಿದ್ದುತ್ತಿರುವ ಅಧ್ಯಾಯವೊಂದನ್ನೇ ಇನ್‌ಕ್ಲೂಡ್‌ಓನ್ಲಿಯಲ್ಲಿ ಹೆಸರಿಸಿ ಓಡಿಸಿ, ಇಡೀ ಪುಸ್ತಕವನ್ನು ಊಟಕ್ಕೆ ಏಳುವಾಗ ಹಾಕಿ.

ಸೆಟ್ಟಿಂಗ್‌ನಲ್ಲಿ ಮೂರು ಮಾತು. ಕಂಪೈಲೇಷನ್-ಆಸ್ಕ್-ಅಬೌಟ್-ಸೇವ್‌ಗೆ ನಿಲ್ (ಬೇಡ ಎಂದರ್ಥ) ಕೊಟ್ಟರೆ ಪ್ರತಿ ಸಲ ಸೇವ್ ಮಾಡಲಾ ಎಂದು ಕೇಳದೆ ತಿದ್ದಿದ ಫೈಲ್‌ಗಳನ್ನೆಲ್ಲ ಉಳಿಸಿಕೊಳ್ಳುತ್ತದೆ. ಕಂಪೈಲೇಷನ್-ಆಲ್ವೇಸ್-ಕಿಲ್‌ಗೆ ಟಿ (ಹೌದು ಎಂದರ್ಥ) ಕೊಟ್ಟರೆ ಹಳೆಯ ಓಟವನ್ನು ಕೇಳದೆ ನಿಲ್ಲಿಸಿ ಹೊಸದನ್ನು ಶುರು ಮಾಡುತ್ತದೆ. ಮುಗಿದದ್ದು ಗೊತ್ತಾಗಬೇಕಾದರೆ ಕಂಪೈಲೇಷನ್-ಫಿನಿಶ್-ಫಂಕ್ಷನ್ಸ್‌ನಲ್ಲಿ ನೋಟಿಫಿಕೇಷನ್ ಕಳಿಸುವ ಎರಡು ಸಾಲಿನ ಫಂಕ್ಷನ್ ಸೇರಿಸಿ. ಆಗ ಕಿಟಕಿಯನ್ನು ಮುಚ್ಚಿಟ್ಟೇ ಕೆಲಸ ಮಾಡಬಹುದು.

ಇಷ್ಟು ಮಾಡಿಯೂ ಟೈಪಿಂಗ್ ತಡವರಿಸಿದರೆ ಕಾರಣ ಬೇರೆ. ಹೊರಗಿನ ಪ್ರೋಗ್ರಾಮ್ ಬೇರೆ ಪ್ರಾಸೆಸ್‌ನಲ್ಲಿ ಓಡಿದರೂ ಅದು ಉಗುಳುವ ಪ್ರತಿ ಸಾಲನ್ನು ಓದಿ, ತಪ್ಪಿದೆಯಾ ಎಂದು ಪರೀಕ್ಷಿಸುವುದು ಈಮ್ಯಾಕ್ಸೇ, ನಿಮ್ಮ ಕೀಲಿಗಳನ್ನು ಕೇಳಿಸಿಕೊಳ್ಳುವ ಅದೇ ಥ್ರೆಡ್‌ನಲ್ಲಿ, ಅಂದರೆ ಕೆಲಸದ ಅದೇ ಒಂದು ಎಳೆಯಲ್ಲಿ. ಕನ್ನಡದ ಉದ್ದ ಪದಗಳು ಸಾಲಿನ ಕೊನೆಯಲ್ಲಿ ಮುರಿಯದೆ ಹೊರಚಾಚಿ ಓವರ್‌ಫುಲ್ ಎಚ್ಚರಿಕೆ ಸಾವಿರಗಟ್ಟಲೆ ಬಂದರೆ ಅಲ್ಲೇ ತಡವರಿಕೆ. ಒಂದೊಂದು ಸಾಲನ್ನೂ ಹತ್ತಾರು ಭಾಷೆಗಳ ಎರರ್ ಮಾದರಿಗೆ ಹೋಲಿಸಿ ನೋಡುತ್ತದೆ; ಕಂಪೈಲೇಷನ್-ಎರರ್-ರೆಜೆಕ್ಸ್‌ಪಿ-ಆಲಿಸ್ಟ್‌ನಲ್ಲಿ ಗ್ನೂ ಎಂಬ ಒಂದೇ ಮಾದರಿ ಉಳಿಸಿ, ನಿಮ್ಮ ಕೆಲಸಕ್ಕೆ ಅದು ಸಾಕು.

ಇದೇ ಕಾರಣಕ್ಕೆ ನೀವು ಸುಮ್ಮನಿದ್ದಾಗ ಕೆಲಸ ಶುರು ಮಾಡುವ ಐಡಲ್ ಟೈಮರ್ ಕೂಡ ಹಿನ್ನೆಲೆ ಕೆಲಸವಲ್ಲ. ಇಡೀ ಪುಸ್ತಕದ ಪದ ಎಣಿಸುವ ಲಿಸ್ಪ್ (ಈಮ್ಯಾಕ್ಸ್‌ನದೇ ಪ್ರೋಗ್ರಾಮಿಂಗ್ ಭಾಷೆ) ಫಂಕ್ಷನ್ನನ್ನು ಟೈಮರ್‌ಗೆ ಹಾಕಿದರೆ, ನೀವು ಯೋಚಿಸಲು ಎರಡು ಕ್ಷಣ ನಿಂತಾಗ ಶುರುವಾಗಿ, ಮತ್ತೆ ಟೈಪ್ ಮಾಡಲು ಹೋದಾಗ ಅಡ್ಡ ಬರುತ್ತದೆ. 2018ರಲ್ಲಿ 26ನೇ ಆವೃತ್ತಿಯೊಂದಿಗೆ ಲಿಸ್ಪ್ ಥ್ರೆಡ್‌ಗಳು ಬಂದವು, ಆದರೆ ಒಂದು ಸಲಕ್ಕೆ ಒಂದೇ ಓಡುವುದು. ಭಾರದ ಲಿಸ್ಪ್ ಕೆಲಸವಿದ್ದರೆ ಬ್ಯಾಚ್ ಆಯ್ಕೆಯೊಂದಿಗೆ ಇನ್ನೊಂದು ಈಮ್ಯಾಕ್ಸನ್ನೇ ಕಂಪೈಲ್ ಮೂಲಕ ಓಡಿಸಿ.

ಹಳೆಯ ಶಾಸನ ಸಂಪುಟಗಳನ್ನು ಸ್ಕ್ಯಾನ್ ಮಾಡಿ ಟೆಸರಾಕ್ಟ್‌ನಲ್ಲಿ ಅಕ್ಷರ ತೆಗೆಸುವ ಯೋಚನೆಯಿದ್ದರೆ ಅದನ್ನು ಈಮ್ಯಾಕ್ಸ್ ಒಳಗೆ ಓಡಿಸಬೇಡಿ. ಈಮ್ಯಾಕ್ಸ್ ಮುಚ್ಚಿದರೆ ಅದರಡಿಯ ಪ್ರಾಸೆಸ್‌ಗಳೂ ಸಾಯುತ್ತವೆ, ಗಂಟೆಗಟ್ಟಲೆಯ ಕೆಲಸಕ್ಕೆ ಟೀಮಕ್ಸ್ (ಕಿಟಕಿ ಮುಚ್ಚಿದರೂ ಕಮಾಂಡ್ ಓಡುತ್ತಲೇ ಇರುವಂತೆ ನೋಡಿಕೊಳ್ಳುವ ಟರ್ಮಿನಲ್ ಪ್ರೋಗ್ರಾಮ್) ಸರಿ. ಕಮಾಂಡ್‌ನ ಮುಂದೆ ನೈಸ್ 19 ಹಾಕಿ, ಆಗ ಆ ಕೆಲಸದ ಸರದಿ ಉಳಿದೆಲ್ಲಕ್ಕಿಂತ ಹಿಂದಿರುತ್ತದೆ. ಟೆಸರಾಕ್ಟ್ ಒಂದೇ ಪುಟಕ್ಕೆ ನಾಲ್ಕು ಥ್ರೆಡ್ ತನಕ ಹಿಡಿಯುತ್ತದೆ. ಓಎಂಪಿ‌_ಥ್ರೆಡ್‌_ಲಿಮಿಟ್‌ಗೆ 1 ಕೊಟ್ಟರೆ ಉಳಿದ ಕೋರ್‌ಗಳು ನಿಮ್ಮ ಟೈಪಿಂಗ್‌ಗೆ ಸಿಗುತ್ತವೆ. ಮಂಡ್ಯ, ಮೈಸೂರು ಕಡೆ ಮಳೆ ಗುಡುಗಿಗೆ ಕರೆಂಟು ಹೋಗುವುದು ಗೊತ್ತಿದ್ದದ್ದೇ, ಹಾಗಾಗಿ ಪ್ರತಿ ಪುಟದ ಫಲಿತಾಂಶವನ್ನು ಮೊದಲು ತಾತ್ಕಾಲಿಕ ಹೆಸರಿನಲ್ಲಿ ಬರೆಸಿ, ಪೂರ್ತಿಯಾದ ಮೇಲೆ ಸರಿಯಾದ ಹೆಸರಿಗೆ ಬದಲಿಸಿ, ಆ ಹೆಸರಿನ ಫೈಲ್ ಈಗಾಗಲೇ ಇದ್ದರೆ ಆ ಪುಟ ಬಿಟ್ಟು ಮುಂದೆ ಹೋಗುವಂತೆ ಸ್ಕ್ರಿಪ್ಟ್ ಬರೆಯಿರಿ. ಕರೆಂಟು ಬಂದ ಮೇಲೆ ಅದೇ ಕಮಾಂಡ್ ಮತ್ತೆ ಕೊಟ್ಟರೆ ನಿಂತ ಪುಟದಿಂದ ಶುರುವಾಗುತ್ತದೆ.