ಹೊಸ ಪ್ರಿಂಟರ್‌ಗೆ ಯಾವ ಐಪಿ ಕೊಡಲಿ?

ಪ್ರಶ್ನೆ: ಬಾಗಲಕೋಟೆ ನವನಗರದಲ್ಲಿ ನಮ್ಮದು ಸಣ್ಣ ಝೆರಾಕ್ಸ್ ಅಂಗಡಿ. ಹೊಸ ವೈಫೈ ಪ್ರಿಂಟರ್‌ಗೆ ನಾನೇ 192.168.1.5 ಅಂತ ಐಪಿ, ಅಂದರೆ ನೆಟ್‌ವರ್ಕ್‌ನಲ್ಲಿ ಅದರ ವಿಳಾಸದ ನಂಬರ್, ಹಾಕಿದೆ. ಎರಡು ದಿನ ಚೆನ್ನಾಗಿತ್ತು, ಈಗ ಆಗಾಗ ಆಫ್‌ಲೈನ್ ಅಂತ ತೋರಿಸುತ್ತದೆ. ಏನು ಮಾಡಲಿ ಸರ್?

ಉತ್ತರ: ಅದೇ ನಂಬರನ್ನು ರೂಟರ್ ಬೇರೆ ಯಾವುದೋ ಮೊಬೈಲ್‌ಗೂ ಕೊಟ್ಟಿರಬೇಕು. ರೂಟರ್‌ನಲ್ಲಿರುವ ಡಿಎಚ್‌ಸಿಪಿ, ಅಂದರೆ ತಾನಾಗಿಯೇ ಐಪಿ ಕೊಡುವ ವ್ಯವಸ್ಥೆ, ತನ್ನ ಪಟ್ಟಿಯಿಂದ ಐಪಿ ಹಂಚುತ್ತಲೇ ಇರುತ್ತದೆ, ನೀವು ಪ್ರಿಂಟರ್‌ನಲ್ಲಿ ಕೈಯಾರೆ ಹಾಕಿದ್ದು ಅದರ ಲೆಕ್ಕದಲ್ಲಿ ಇರುವುದಿಲ್ಲ. ಎರಡು ಮನೆಗೆ ಒಂದೇ ನಂಬರ್ ಇದ್ದರೆ ಪೋಸ್ಟ್‌ಮ್ಯಾನ್ ಎಲ್ಲಿಗೆ ಹೋಗಬೇಕು, ಅಲ್ವಾ?

ಪ್ರಿಂಟರ್‌ನ ಐಪಿ ಸೆಟ್ಟಿಂಗ್ ಅನ್ನು ಮತ್ತೆ ಆಟೋಮ್ಯಾಟಿಕ್‌ಗೆ ಹಾಕಿ, ರೂಟರೇ ಐಪಿ ಕೊಡಲಿ. ಅದರ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಮ್ಯಾಕ್ ವಿಳಾಸ (ಆ ಪ್ರಿಂಟರ್‌ನ ಸ್ವಂತ ಗುರುತಿನ ಸಂಖ್ಯೆ) ಸಿಗುತ್ತದೆ, ಬರೆದುಕೊಳ್ಳಿ. ರೂಟರ್ ಸೆಟ್ಟಿಂಗ್ ತೆರೆದು ಅಡ್ರೆಸ್ ರಿಸರ್ವೇಶನ್‌ನಲ್ಲಿ (ಒಂದು ಐಪಿಯನ್ನು ಒಂದೇ ಸಾಧನಕ್ಕೆ ಕಾದಿರಿಸುವ ಜಾಗ) ಆ ಮ್ಯಾಕ್ ವಿಳಾಸಕ್ಕೆ ಯಾರೂ ಬಳಸದ ಒಂದು ಐಪಿ, ಉದಾಹರಣೆಗೆ 192.168.1.50, ಕೊಟ್ಟು ಸೇವ್ ಮಾಡಿ. ಪ್ರಿಂಟರ್ ಒಮ್ಮೆ ಆಫ್ ಮಾಡಿ ಆನ್ ಮಾಡಿ. ಕಂಪ್ಯೂಟರ್‌ನಲ್ಲಿ ಪ್ರಿಂಟರ್‌ನ ಹಳೆಯ ಐಪಿ ಇದ್ದರೆ ಅದನ್ನೂ ಬದಲಿಸಿ, ಜಾಸ್ತಿ ಜನ ಇದನ್ನೇ ಮರೆಯುತ್ತಾರೆ.