ಕೋಚ್ ಆಗಲೇ ಕರೆದಿದ್ದಾರೆ, ನೀವೇ ಹೋಗಲಿಲ್ಲ

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಿಂದ ಬಂದ ಒಂದು ಪತ್ರವನ್ನು ಈ ವಾರ ಮೂರು ಸಲ ಓದಿದೆ. ಮೂರನೆಯ ಸಲ ಬರೆದವರ ಮೇಲೆ ಸ್ವಲ್ಪ ಸಿಟ್ಟೂ ಬಂತು. ಅವರು ದಾವಣಗೆರೆಯವರು, ವಯಸ್ಸು 46, ಎಚ್-1ಬಿ ವೀಸಾದಲ್ಲಿ ಸಾಫ್ಟ್‌ವೇರ್ ಕೆಲಸ. ಕಾಲೇಜಿನ ಕ್ರಿಕೆಟ್ ತಂಡದಲ್ಲಿ ಪಾಯಿಂಟ್‌ನಲ್ಲಿ ಫೀಲ್ಡಿಂಗ್ ಮಾಡುತ್ತಿದ್ದವರು. ಮಗ ಲಿಟಲ್ ಲೀಗ್ ಎಂಬ ಮಕ್ಕಳ ಬೇಸ್‌ಬಾಲ್ ಆಡಿದ 6 ವರ್ಷವೂ ಪ್ರತಿ ಪಂದ್ಯದ ಸ್ಕೋರ್ ಪುಸ್ತಕ ಬರೆದವರು ಇವರೇ. ಆಮೇಲೆ ಮಗ ಆಟ ಬಿಟ್ಟ, ತಂದೆಗೆ ಬಿಡಲಾಗಲಿಲ್ಲ. ಹತ್ತಿರದ ಹೈಸ್ಕೂಲ್ ತಂಡಕ್ಕೆ ಸಂಬಳವಿಲ್ಲದ ಸಹಾಯಕ ಕೋಚ್ ಆಗಬೇಕೆಂಬುದು ಅವರ ಆಸೆ. ಹೆಂಡತಿ ‘ಹೋಗಿ ಬನ್ನಿ’ ಎಂದಿದ್ದಾರೆ, ಭಾವ ನಕ್ಕಿದ್ದಾರೆ. ‘ಬೇಸ್‌ಬಾಲ್ ಆಡದ ನಾನು ಈ ಆಸೆಯನ್ನು ಬಿಡಬೇಕೇ?’ ಎಂಬುದು ಪ್ರಶ್ನೆ.

ಬಿಡಬೇಡಿ. ಆದರೆ ನಿಮ್ಮ ಪತ್ರದ ತಿರುಳು ಈ ಪ್ರಶ್ನೆಯಲ್ಲಿಲ್ಲ, ನೀವು ದೂರಿನಂತೆ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋದ ಮಾತಿನಲ್ಲಿದೆ: ‘ಮುಖ್ಯ ಕೋಚ್‌ಗೆ ನನ್ನ ಅನುಭವವನ್ನೆಲ್ಲ ವಿವರವಾಗಿ ಬರೆದೆ, ಶನಿವಾರ ಬೆಳಿಗ್ಗೆ ಎಂಟಕ್ಕೆ ಮೈದಾನದ ಕೆಲಸವಿದೆ ಬನ್ನಿ, ರೇಕ್ (ಮಣ್ಣು ಸಮ ಮಾಡುವ ಹಲ್ಲುಕೋಲು) ನಾವೇ ಕೊಡುತ್ತೇವೆ ಎಂದಷ್ಟೇ ಉತ್ತರ ಬಂತು.’ ನಿಮಗೆ ಅವಮಾನವಾಯಿತು, ನೀವು ಹೋಗಲಿಲ್ಲ.

ದಾವಣಗೆರೆಯವರಾಗಿ ನೀವು ಗರಡಿ ಮನೆ ಕಾಣದವರಲ್ಲ. ಅಲ್ಲಿಗೆ ಹೊಸದಾಗಿ ಸೇರಿದ ಹುಡುಗನ ಕೈಗೆ ಉಸ್ತಾದರು ಮೊದಲು ಕೊಡುವುದು ಗುದ್ದಲಿ. ಕೆಮ್ಮಣ್ಣನ್ನು ಅಗೆದು, ಹೆಂಟೆ ಒಡೆದು, ಹದ ಮಾಡಿದವನಿಗೇ ಆಮೇಲೆ ಪಟ್ಟು ಹೇಳಿಕೊಡುತ್ತಾರೆ. ಮಣ್ಣು ಮುಟ್ಟದವನಿಗೆ ಆಟ ಒಲಿಯುವುದಿಲ್ಲವೆಂದು ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ನಿಮಗಾಗಿ ಮತ್ತೊಮ್ಮೆ ಬರೆಯುತ್ತೇನೆ.

ಬೇಸ್‌ಬಾಲ್ ಮೈದಾನದ ಮಣ್ಣಿನಲ್ಲಿ ಕಲಿಯುವುದು ಬೇಕಾದಷ್ಟಿದೆ. ಒಂದು ಬೇಸ್‌ನಿಂದ, ಅಂದರೆ ಆಟಗಾರ ಓಡಿ ಮುಟ್ಟಬೇಕಾದ ಠಾಣೆಯಿಂದ, ಇನ್ನೊಂದಕ್ಕೆ 90 ಅಡಿ ಉದ್ದದ ಓಟದ ದಾರಿಯಿದೆಯಲ್ಲ, ಅದರ ಮೇಲೆ ರೇಕನ್ನು ಉದ್ದಕ್ಕೇ ಎಳೆಯಬೇಕು. ಅಡ್ಡಡ್ಡ ಎಳೆದರೆ ಮಣ್ಣು ಹುಲ್ಲಿನ ಅಂಚಿಗೆ ಸೇರಿ, ತಿಂಗಳು ಕಳೆಯುವಷ್ಟರಲ್ಲಿ ಬೆರಳು ದಪ್ಪದ ದಿಬ್ಬ ಏಳುತ್ತದೆ. ನೆಲದ ಮೇಲೆ ಉರುಳಿ ಬರುವ ಚೆಂಡು ಆ ದಿಬ್ಬಕ್ಕೆ ತಾಗಿ ಎಗರಿದರೆ ಅಡ್ಡ ನಿಂತ ಹುಡುಗನ ಹಲ್ಲಿಗೆ ಬಡಿಯುತ್ತದೆ. ಪಿಚರ್, ಅಂದರೆ ಚೆಂಡು ಎಸೆಯುವವನು, ಪ್ರತಿ ಸಲವೂ ಕಾಲೂರುವ ಕಡೆ ಗುಂಡಿ ಬೀಳುತ್ತದೆ. ಅದಕ್ಕೆ ಒದ್ದೆ ಜೇಡಿಮಣ್ಣು ತುಂಬಿ ದಿಮ್ಮಸಿನಿಂದ ಬಡಿದು ಗಟ್ಟಿ ಮಾಡದಿದ್ದರೆ ಮರುದಿನದ ಹುಡುಗನ ಪಾದ ಹೊರಳುತ್ತದೆ. ಇಂಥ ಕೆಲಸದಲ್ಲಿ ಪಕ್ಕದಲ್ಲಿ ನಿಂತು ಕೈ ಹಚ್ಚುವವನು ಎಂಥವನೆಂದು ಕೋಚ್‌ಗೆ ಒಂದು ಗಂಟೆಯೊಳಗೆ ತಿಳಿಯುತ್ತದೆ. ಪರರ ಮಕ್ಕಳನ್ನು ನಂಬಿ ಒಪ್ಪಿಸುವ ಮೊದಲು ಅವರು ನೋಡಬೇಕಾದದ್ದೂ ಅದನ್ನೇ.

‘ಎಂ.ಟೆಕ್. ಮಾಡಿದವನು ಮಣ್ಣು ಕೆರೆಯಲು ಹೋಗುವುದೇ?’ ಎಂದ ನಿಮ್ಮ ಭಾವನವರ ಬಗ್ಗೆ ನನಗೆ ಕಿಂಚಿತ್ತೂ ಸಹಾನುಭೂತಿಯಿಲ್ಲ. ನಿಮ್ಮ ಹಿಂಜರಿಕೆಗೆ ಅರ್ಧ ಕಾರಣ ಆ ಮಾತು. ಉಳಿದರ್ಧಕ್ಕೆ, ಅಂದರೆ ಆ ಮಾತನ್ನು ನಂಬಿದ್ದಕ್ಕೆ, ನೀವೇ ಹೊಣೆ.

ಇನ್ನು ನಿಯಮದ ವಿಚಾರ. ಕ್ಯಾಲಿಫೋರ್ನಿಯಾದ ಹೈಸ್ಕೂಲುಗಳಲ್ಲಿ ಸಂಬಳವಿಲ್ಲದ ಕೋಚ್ ಕೂಡ ಬೆರಳಚ್ಚು ಕೊಡಬೇಕು. ಕೋಚಿಂಗ್‌ನ ಮೂಲಪಾಠ, ಪ್ರಥಮ ಚಿಕಿತ್ಸೆ, ಸಿಪಿಆರ್ (ನಿಂತ ಹೃದಯಕ್ಕೆ ಎದೆಯೊತ್ತಿ ಮರುಜೀವ ಕೊಡುವ ವಿಧಾನ), ತಲೆಪೆಟ್ಟು ಮತ್ತು ಹಠಾತ್ ಹೃದಯಸ್ತಂಭನದ ತರಬೇತಿಗಳನ್ನು ಮುಗಿಸಬೇಕು. ಇವೆಲ್ಲ ದೊಡ್ಡ ತೊಡಕಲ್ಲ, ಶಾಲೆಯವರೇ ದಾರಿ ತೋರಿಸುತ್ತಾರೆ. ವೀಸಾದ ಮಾತು ಮಾತ್ರ ಗಟ್ಟಿಯಾಗಿ ಹಿಡಿಯಿರಿ: ನಿಮಗೆ ದುಡಿಯುವ ಅನುಮತಿಯಿರುವುದು ವೀಸಾ ಕೊಡಿಸಿದ ಕಂಪನಿಯಲ್ಲಷ್ಟೇ. ಆದ್ದರಿಂದ ಋತುವಿನ ಕೊನೆಗೆ ಶಾಲೆ ಗೌರವಧನವೆಂದು ಚೆಕ್ ಕೊಡಲು ಬಂದರೆ ವಲಸೆ ವಕೀಲರನ್ನು ಕೇಳದೆ ಮುಟ್ಟಬೇಡಿ.

ಪಿಚಿಂಗ್ ಕಲಿಸಲು ಹೋಗಬೇಡಿ, ಅದು ನಿಮ್ಮ ವಿದ್ಯೆಯಲ್ಲ. ಆದರೆ ಪಿಚರ್ ಎಸೆದ ಚೆಂಡುಗಳನ್ನು ಎಣಿಸುವುದು ಸ್ಕೋರ್ ಪುಸ್ತಕ ಬರೆದ ನಿಮಗೆ ನೀರು ಕುಡಿದಷ್ಟು ಸುಲಭ, ತಂಡಕ್ಕೂ ಅದು ಬೇಕು. 2017ರ ಋತುವಿನಿಂದ ಹೈಸ್ಕೂಲ್ ಬೇಸ್‌ಬಾಲ್‌ನಲ್ಲಿ ಎಸೆತಗಳಿಗೆ ಮಿತಿಯಿದೆ. ನಿಮ್ಮ ರಾಜ್ಯದ ವಾರ್ಸಿಟಿ, ಅಂದರೆ ಶಾಲೆಯ ಮುಖ್ಯ, ತಂಡಗಳಲ್ಲಿ ದಿನಕ್ಕೆ 110ಕ್ಕಿಂತ ಹೆಚ್ಚು ಎಸೆಯುವಂತಿಲ್ಲ, 76 ಅಥವಾ ಅದಕ್ಕಿಂತ ಹೆಚ್ಚು ಎಸೆದವನು 3 ದಿನ ವಿಶ್ರಾಂತಿ ಪಡೆಯಲೇಬೇಕು. ಪಂದ್ಯದ ಬಿಸಿಯಲ್ಲಿ ಎಣಿಕೆ ತಪ್ಪಿದರೆ ಪೆಟ್ಟು ಬೀಳುವುದು ಹದಿನಾರರ ಹುಡುಗನ ಮೊಣಕೈಗೆ.

ಆದರೆ ಈ ಯಾವುದನ್ನೂ ಮೊದಲ ದಿನ ಬಾಯಿ ಬಿಟ್ಟು ಹೇಳಬೇಡಿ. ‘ಹಿಂದಿನ ಸಲ ಬರಲಾಗಲಿಲ್ಲ, ಈ ಶನಿವಾರ ಬರಲೇ?’ ಎಂದು ಕೋಚ್‌ಗೆ ಇವತ್ತೇ ಒಂದು ಸಾಲು ಬರೆಯಿರಿ. ಎಂಟಕ್ಕೆ ಕರೆದರೆ ಏಳೂಮುಕ್ಕಾಲಿಗೇ ಗೇಟಿನ ಬಳಿ ಇರಿ, ಕೊಟ್ಟ ರೇಕನ್ನು ಹಿಡಿಯಿರಿ, ಯಾವ ಕಡೆಯಿಂದ ಎಳೆಯಬೇಕೆಂದು ಕೇಳಿ.