ಮಹಾಧಮನಿಯಲ್ಲೂ ಕಿಡ್ನಿ ರಕ್ತನಾಳದಲ್ಲೂ ಉಬ್ಬು ಇದ್ದರೆ, ಹೊಟ್ಟೆ ಕೊಯ್ಯದೆ ಸರಿಮಾಡಬಹುದಾ?

ಕುಂಬಳೆಯಿಂದ ಕೇಳಿದ್ದೀರಿ, ಅಪ್ಪನ ಸ್ಕ್ಯಾನಿಂಗ್‌ನಲ್ಲಿ ಎರಡೂ ಉಬ್ಬು ಕಂಡಿವೆ ಅಂತ. ಹೆದರಬೇಡಿ, ಎಷ್ಟೋ ಜನರಿಗೆ ಹೊಟ್ಟೆ ಕೊಯ್ಯದೆಯೇ ಆಗುತ್ತದೆ.

ಮೊದಲು ಅಳತೆ ನೋಡಿ. ಗಂಡಸರಲ್ಲಿ ಹೊಟ್ಟೆಯ ಮಹಾಧಮನಿ, ಅಂದರೆ ಹೃದಯದಿಂದ ಬರುವ ದೊಡ್ಡ ರಕ್ತನಾಳ, ಉಬ್ಬಿ 5.5 ಸೆಂ.ಮೀ. ಅಗಲ ಮುಟ್ಟಿದರೆ ಸಾಮಾನ್ಯವಾಗಿ ಚಿಕಿತ್ಸೆ ಮಾಡುತ್ತಾರೆ. ಕಿಡ್ನಿಯದ್ದು ತೊಂದರೆ ಕೊಡದಿದ್ದರೆ ಸುಮಾರು 3 ಸೆಂ.ಮೀ. ತನಕ ಕಾಯುವುದುಂಟು.

ತೊಡೆಸಂದಿಯ ರಕ್ತನಾಳದಿಂದ ತೆಳು ಕೊಳವೆ ತೂರಿಸಿ, ಬಟ್ಟೆ ಹೊದಿಸಿದ ಸ್ಟೆಂಟನ್ನು (ಜಾಲರಿಯ ಕೊಳವೆ) ಮಹಾಧಮನಿಯೊಳಗೆ ಬಿಡಿಸುತ್ತಾರೆ. ರಕ್ತ ಅದರೊಳಗೇ ಹರಿಯುತ್ತದೆ, ಉಬ್ಬಿದ ಗೋಡೆಯ ಮೇಲೆ ಒತ್ತಡ ಕಡಿಮೆಯಾಗುತ್ತದೆ. ಕಿಡ್ನಿಯ ಉಬ್ಬಿಗೆ ಸಣ್ಣ ತಂತಿಸುರುಳಿ ತುಂಬುತ್ತಾರೆ, ಇಲ್ಲವೇ ಅಲ್ಲೂ ಹೊದಿಕೆಯ ಸ್ಟೆಂಟ್.

ಕಷ್ಟ ಇರುವುದು ಎರಡೂ ರಕ್ತನಾಳ ಸೇರುವ ಜಾಗದಲ್ಲಿ. ಸ್ಟೆಂಟ್ ಗಟ್ಟಿಯಾಗಿ ಹಿಡಿಯಲು ಕಿಡ್ನಿ ರಕ್ತನಾಳಗಳ ಕೆಳಗೆ ಸಾಮಾನ್ಯವಾಗಿ 10ರಿಂದ 15 ಮಿ.ಮೀ. ಆರೋಗ್ಯವಾದ ಗೋಡೆ ಬೇಕು. ಇಲ್ಲದಿದ್ದರೆ ಕಿಡ್ನಿಗೆ ರಕ್ತ ಹೋಗಲು ಕಿಂಡಿ ಬಿಟ್ಟ ವಿಶೇಷ ಸ್ಟೆಂಟ್ ಬೇಕಾಗುತ್ತದೆ. ಚಿತ್ರಕ್ಕಾಗಿ ಹಾಕುವ ಡೈ ಕೂಡ ಕಿಡ್ನಿಗೆ ಭಾರ. ಹಾಗಾಗಿ ಒಂದೇ ಸಲಕ್ಕೋ, ಎರಡು ಸಲಕ್ಕೋ ಎಂಬುದನ್ನು ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ತಿಳಿಸುವ ರಕ್ತಪರೀಕ್ಷೆ) ನೋಡಿ ನಿರ್ಧರಿಸುವುದು ಒಳ್ಳೆಯದು. ಇದನ್ನು ಡಾಕ್ಟರಲ್ಲಿ ಕೇಳಲೇಬೇಕು.

ಮಂಗಳೂರಿಗೆ ಹೋಗುವಾಗ ಬರೀ ರಿಪೋರ್ಟ್ ಸಾಲದು, ಸಿಟಿ ಆಂಜಿಯೋದ (ರಕ್ತನಾಳಗಳ ಸ್ಕ್ಯಾನ್) ಸಿಡಿಯನ್ನೇ ವಾಸ್ಕುಲರ್ ಸರ್ಜನ್‌ಗೆ, ಅಂದರೆ ರಕ್ತನಾಳದ ಸರ್ಜನ್‌ಗೆ ಕೊಡಿ. ಬೀಡಿ ಸೇದುತ್ತಿದ್ದರೆ ಇವತ್ತೇ ಬಿಡಿಸಿ. ಸ್ಟೆಂಟ್ ಪಕ್ಕದಿಂದ ರಕ್ತ ಸೋರಬಹುದು, ಅದಕ್ಕೆ ಆಮೇಲೂ ಜೀವನಪೂರ್ತಿ ಸ್ಕ್ಯಾನ್ ತಪ್ಪಿಸಬಾರದು.

ಹೊಟ್ಟೆ, ಬೆನ್ನು ಅಥವಾ ಪಕ್ಕೆಯಲ್ಲಿ ಇದ್ದಕ್ಕಿದ್ದಂತೆ ಜೋರು ನೋವು, ತಲೆಸುತ್ತು ಬಂದರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, ತಕ್ಷಣ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ.